ನಾಲ್ಕು ಹಳದಿ ವೈರು

ನಮ್ಮ ಕಡೆ ಕರೆಂಟು ಜಾಸ್ತಿ ಬಂತು ಅಂತ ಯಾರೂ ಅತ್ತಿದ್ದನ್ನು ನಾನು ಕಂಡಿಲ್ಲ. ಅಳುವುದೆಲ್ಲ ಕಮ್ಮಿ ಬಂದಾಗ. ಪಂಪ್‌ಸೆಟ್ಟಿನ ಮೋಟಾರು ಗುಂಯ್ ಅಂದು, ತಿರುಗಲಾರದೆ ನಿಂತು, ಒಳಗಿನ ತಾಮ್ರ ಸುಟ್ಟುಕೊಳ್ಳುತ್ತದೆ. ಅದನ್ನು ಬೈಕಿಗೆ ಕಟ್ಟಿಕೊಂಡು ಹುಣಸೂರಿಗೆ ಬರುವವರು ಹೇಳುವುದು ಒಂದೇ ಮಾತು: 'ಓಲ್ಟೇಜೇ ಇಲ್ಲ ಕಣಕ್ಕ.' ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡ ನನಗೆ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಹಾಗಾಗಿ ನಮ್ಮವರ ತಲೆಯಲ್ಲಿ ಒಂದು ನಂಬಿಕೆ ಬೇರು ಬಿಟ್ಟಿದೆ. ಕರೆಂಟು ಎಷ್ಟು ಬಂದರೂ ಒಳ್ಳೆಯದೇ, ಇಳಿದರೆ ಮಾತ್ರ ಕೆಡುಕು. ಈ ನಂಬಿಕೆಯ ಮರೆಯಲ್ಲಿ ನಿಂತು ನಾನು ಒಬ್ಬ ಹೆಣ್ಣುಮಗಳ ಬಾಳಿಗೆ ಮಣ್ಣು ಹಾಕಿದೆ. ಬೇಕೆಂದೇ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಥೆ ಮೊದಲು ಮುಗಿಸಿಬಿಡುತ್ತೇನೆ, ಅದು ಚಿಕ್ಕದು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದೆ. ಎಚ್.ಡಿ. ಕೋಟೆ ತಾಲ್ಲೂಕಿಗೆ, ಅಂತರಸಂತೆ ಕಡೆಗೆ ಮದುವೆ ಮಾಡಿಕೊಟ್ಟರು. ಎರಡು ವರ್ಷ ಬಾಳಿ ಬಟ್ಟೆಯ ಗಂಟಿನೊಂದಿಗೆ ತವರಿಗೆ ಬಂದೆ. ಯಾಕೆ ಬಂದೆ ಅಂತ ಊರೆಲ್ಲ ಕೇಳಿತು, ಅಪ್ಪ ಕೇಳಲಿಲ್ಲ. ಆರು ತಿಂಗಳಾದ ಮೇಲೆ ಒಂದು ದಿನ, 'ಎಂಗೂ ಮನೇಲಿ ಕುಂತು ಏನ್ ಮಾಡೀಯೆ, ಓಗಿ ಒಂದು ಅಂಗಡಿ ಮಡೀಕೊ' ಅಂದ. ಗಂಡನ ಜೊತೆ ಇದ್ದಿದ್ದರೆ ನನಗೆ ಅಂಗಡಿ ಎಲ್ಲಿಂದ ಬರಬೇಕಿತ್ತು. ಮಾನ ಹೋದವಳು ಅಂತ ಲೆಕ್ಕ ಹಾಕಿದ್ದರಿಂದಲೇ ನಾಲ್ಕು ಜನರ ನಡುವೆ ಕೂರಲು ಬಿಟ್ಟರು. ಇದನ್ನು ನೆನಪಿಟ್ಟುಕೊಂಡರೆ ಮುಂದೆ ನಾನು ಮಾಡಿದ್ದು ಅರ್ಥವಾಗುತ್ತದೆ. ಕ್ಷಮೆಗಾಗಿ ಹೇಳುತ್ತಿಲ್ಲ, ಅರ್ಥವಾಗಲಿ ಅಂತ ಹೇಳುತ್ತಿದ್ದೇನೆ.

ನಮ್ಮ ಊರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ. ಮಳೆ ನಂಬಿದ ಬೆದ್ದಲು ಭೂಮಿ, ಹೊಗೆಸೊಪ್ಪಿನ ಬೆಳೆ. ಮನೆಯಲ್ಲಿ ಅಪ್ಪ, ನಾನು, ತಮ್ಮ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ತಮ್ಮನಿಗೆ ಹೆಣ್ಣು ತಂದದ್ದು ಕೃಷ್ಣರಾಜನಗರದ ಆಚೆ, ಸಾಲಿಗ್ರಾಮದ ಕಡೆಯಿಂದ. ನಾಲೆ ನೀರಿನ ಗದ್ದೆಯವರು ಬೆದ್ದಲಿನವರಿಗೆ ಹೆಣ್ಣು ಕೊಡುವುದು ಸಲೀಸಲ್ಲ. ಹೊಗೆಸೊಪ್ಪು ಬೇಯಿಸುವ ಎರಡು ಬ್ಯಾರನ್ ಇರುವ ಮನೆ ಅಂತ ಕೊಟ್ಟರು. ಹುಡುಗಿ ಇಂಜಿನಿಯರಿಂಗ್ ಓದಿದವಳು, ಅದೂ ನನ್ನ ವಿಷಯದಲ್ಲೇ. ನಾನು ಮೂರು ವರ್ಷ ಓದಿದ್ದನ್ನು ಅವಳು ನಾಲ್ಕು ವರ್ಷ ಓದಿದ್ದಳು. ಮೊದಲ ದಿನದ ಊಟದಲ್ಲಿ ಅವಳು ರಾಗಿ ಮುದ್ದೆಯನ್ನು ಅಗಿದಳು. ಅಪ್ಪ, ತಮ್ಮ ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕು, 'ಅಗಿಯೋದಲ್ಲ ಕಣವ್ವ, ನುಂಗೋದು. ನಿಮ್ಮೂರಲ್ಲಿ ಅನ್ನ ತಿಂದು ತಿಂದು ಗಂಟಲು ಮರ್ತೋಗದಾ?' ಅಂದೆ. ಅವಳೂ ನಕ್ಕು, ಮರುದಿನದಿಂದ ನುಂಗಲು ಕಲಿತಳು.

ಮೂರು ತಿಂಗಳಾಗುವ ಹೊತ್ತಿಗೆ ಅವಳ ಆಸೆ ಹೊರಗೆ ಬಂತು. ನಾನು ಬೆಳಿಗ್ಗೆ ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು ಕೇಳಿದಳು.

'ಅತ್ತಿಗೆ, ನಾನೂ ಅಂಗಡಿಗೆ ಬರ್ಲಾ? ಬೆಳಿಗ್ಗೆನೇ ಅಡುಗೆ ಮಾಡಿಟ್ಟು ಬರ್ತೀನಿ. ಮಾವನ ಹತ್ರ ನೀವು ಹೇಳುದ್ರೆ ಕೇಳ್ತಾರೆ.'

ಹೇಳುತ್ತೇನೆ ಅಂದೆ. ಹೇಳಿದೆ ಕೂಡ. ಆದರೆ ಹೇಳುವುದರಲ್ಲಿ ಹತ್ತು ಬಗೆ ಇದೆ. ಅವಳು ಕೇಳಿದ ಹಾಗೆ ಹೇಳಲಿಲ್ಲ. 'ಅಪ್ಪ, ನಿನ್ನ ಸೊಸೆಗೆ ಮನೆ ಕೆಲಸ ಬೇಸರವಂತೆ, ಪೇಟೆಗೆ ಬತ್ತಾಳಂತೆ' ಅಂದೆ. ಗಂಡ ಬಿಟ್ಟ ಮೇಲೆ ನನಗೆ ಸಿಕ್ಕಿದ್ದು ಅವಳಿಗೆ ಗಂಡನನ್ನು ಇಟ್ಟುಕೊಂಡೇ ಬೇಕಾಗಿತ್ತು. ಅದು ನನ್ನ ಹೊಟ್ಟೆಯಲ್ಲಿ ಕಿಚ್ಚಿಟ್ಟ ಹಾಗಾಯಿತು.

ಅಪ್ಪ ಒಮ್ಮೆಗೇ ಬೇಡ ಅನ್ನಲಿಲ್ಲ. ಬೀಗರು ಓದಿದ ಹುಡುಗಿ ಅಂತ ಹೇಳಿ ಕೊಟ್ಟಿದ್ದರಲ್ಲ, ಆ ಓದು ಎಷ್ಟಿದೆ ನೋಡಬೇಕು ಅನ್ನಿಸಿರಬೇಕು. ಜಗಲಿಯ ಮೇಲೆ ಕೂತು ಅವಳನ್ನು ಕರೆದ.

'ನೋಡವ್ವ, ನಮ್ಮ ಬ್ಯಾರನ್ನಿಗೆ ಒಂದು ಡಬ್ಬಿ ಮಾಡು. ಈ ಸಲದ ಸೊಪ್ಪು ಬೇಯೋಗಂಟ ಅದು ಸರ್ಯಾಗಿ ನಡುದ್ರೆ ದಿನಾ ಅಂಗಡಿಗೆ ಓಗು. ಇಲ್ದಿದ್ರೆ ಮನೇಲಿರು. ಇನ್ನೊಂದ್ಸಲ ಆ ಮಾತು ಎತ್ತಬ್ಯಾಡ.'

'ಆಯ್ತು ಮಾವ' ಅಂದಳು. ಅಲ್ಲಿಗೆ ಅವಳ ಬಾಳೆಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಗಿ ಕೂತಿತು.

ಬ್ಯಾರನ್ ಕಾಣದವರಿಗೆ ಎರಡು ಮಾತು ಹೇಳಬೇಕು. ಅದು ಎತ್ತರದ ಮಣ್ಣಿನ ಮನೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ ಶಾಖ ಕೊಡುತ್ತಾರೆ. ನಾವು ಬೇಯಿಸುವುದು ಅನ್ನುತ್ತೇವೆ, ನಿಜವಾಗಿ ಅದು ಹದವಾಗಿ ಒಣಗಿಸುವುದು. ಮೊದಲ ಎರಡು ದಿನ ಜ್ವರದ ಲೆಕ್ಕದ ಡಿಗ್ರಿಯಲ್ಲಿ ನೂರರ ಆಸುಪಾಸು ಇರಬೇಕು. ಆಗ ಎಲೆ ಹಳದಿಗೆ ತಿರುಗುತ್ತದೆ. ಆಮೇಲೆ ಮೆಲ್ಲಗೆ ಏರಿಸಬೇಕು. ಹಳದಿ ಬರುವ ಮೊದಲೇ ಶಾಖ ಏರಿಬಿಟ್ಟರೆ ಎಲೆ ಬೆಂದು ಕಪ್ಪಾಗುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ಶಾಖವನ್ನು ಹೊರಗೇ ತೋರಿಸಿ, ಹೆಚ್ಚು ಕಮ್ಮಿಯಾದರೆ ಅರಚುವ ಡಬ್ಬಿಗಳನ್ನು ನಾನು ವರ್ಷಗಳಿಂದ ಮಾಡಿಕೊಡುತ್ತಿದ್ದೆ. ಸುತ್ತಮುತ್ತ ಅವಕ್ಕೆ 'ಅಕ್ಕನ ಡಬ್ಬಿ' ಅಂತಲೇ ಹೆಸರು.

ಡಬ್ಬಿ ಮುಗಿಯುವವರೆಗೆ ವಾರಕ್ಕೆರಡು ದಿನ ನನ್ನ ಜೊತೆ ಬರಲು ಅವಳಿಗೆ ಅಪ್ಪಣೆಯಾಯಿತು. ನನ್ನ ಹತ್ತಿರ ಹಳೆಯ ಶಾಖದ ಸೆನ್ಸರು, ಹಳೆಯ ಡಿಸ್ಪ್ಲೇ ಬೇಕಾದಷ್ಟಿದ್ದವು. ಅವನ್ನೇ ಉಳಿಸಿಕೊಂಡು, ಫೋನಿಗೆ ಮೆಸೇಜು ಕಳಿಸುವ ಹೊಸ ಚಿಪ್ಪೊಂದನ್ನು ನಡುವೆ ಕೂರಿಸುತ್ತೇನೆ ಅಂದಳು. ಹಳೆಯವು ನಡೆಯುವುದು ಐದು ವೋಲ್ಟಿನಲ್ಲಿ, ಹೊಸ ಚಿಪ್ಪು ನಡೆಯುವುದು ಮೂರು ಪಾಯಿಂಟ್ ಮೂರರಲ್ಲಿ. ಇಂಥ ಚಿಪ್ಪುಗಳ ಮಾತೆಲ್ಲ ಬರೀ ಹೌದು ಮತ್ತು ಇಲ್ಲ. ಹಳೆಯದು ಹೌದು ಅನ್ನಬೇಕಾದರೆ ತಂತಿಯನ್ನು ಐದಕ್ಕೆ ಎತ್ತುತ್ತದೆ, ಹೊಸದು ಮೂರೂ ಚಿಲ್ಲರೆಗೆ ಎತ್ತುತ್ತದೆ. ನೇರವಾಗಿ ಸೇರಿಸಿದರೆ ಹಳೆಯದರ ಗಟ್ಟಿ ದನಿ ಹೊಸದರ ಕಿವಿಯನ್ನು ಸುಡುತ್ತದೆ. ಅದಕ್ಕೇ ನಡುವೆ ಹೆಬ್ಬೆರಳಿನ ಉಗುರಿನಷ್ಟು ಒಂದು ಬೋರ್ಡು ಹಾಕುತ್ತಾರೆ. ಅತ್ತಿಂದಿತ್ತ ಹೋಗುವ ನಾಲ್ಕು ತಂತಿಗಳೂ ಅದರ ಮೂಲಕ ಹಾಯುವಾಗ ಐದು ಮೂರಕ್ಕೆ ಇಳಿಯುತ್ತದೆ, ಮೂರು ಐದಕ್ಕೆ ಏರುತ್ತದೆ. ನಾನು ಓದುವಾಗ ಎಲ್ಲವೂ ಐದೇ ಆಗಿತ್ತು, ಇದರ ಗೊಡವೆ ಇರಲಿಲ್ಲ. ಅವಳಿಂದಲೇ ಕಲಿತೆ. ತಮ್ಮನ ಹೆಂಡತಿಯಿಂದ ಕಲಿಯುವಾಗ ನನ್ನ ಮುಖ ಹೇಗಿತ್ತು ಅಂತ ಅವಳೇ ಹೇಳಬೇಕು.

ಒಂದು ದಿನ ಅಪ್ಪ ಜಗಲಿಯ ಮೇಲೆ ಹರಡಿದ್ದ ಸಾಮಾನಿನಲ್ಲಿ ಆ ಚೂರು ಬೋರ್ಡನ್ನು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ.

'ಇದೇನವ್ವ ಇದು?'

'ಐದನ್ನ ಮೂರಕ್ಕೆ ಇಳಿಸುತ್ತೆ ಮಾವ.'

'ಯಾಕವ್ವ ಇಳ್ಸೀಯೆ? ನಮ್ಮೂರಲ್ಲಿ ಬರೋದೇ ಕಮ್ಮಿ. ಇರೋದ್ನೂ ಇಳ್ಸುದ್ರೆ ನಡುದಾತಾ?'

ಅವಳು ಬಿಡಿಸಿ ಹೇಳಲು ನೋಡಿದಳು. ಅಪ್ಪ ತಲೆಯಾಡಿಸಿ ಎದ್ದುಹೋದ, ತಲೆಗೆ ಹೋಗಲಿಲ್ಲ. ನಾನು ಅಲ್ಲೇ ಇದ್ದೆ. ಎರಡು ಮಾತಿನಲ್ಲಿ ಅಪ್ಪನ ಭಾಷೆಯಲ್ಲೇ ತಿಳಿಸಬಹುದಿತ್ತು, ತಿಳಿಸಲಿಲ್ಲ.

ಡಬ್ಬಿ ಮುಗಿಯಿತು. ಅವಳು ಅದನ್ನು ನನ್ನ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುತ್ತಿದ್ದ ದಿನ, ಪಿರಿಯಾಪಟ್ಟಣ ಕಡೆಯ ಒಬ್ಬ ರೈತ ಅಂಗಡಿಗೆ ಬಂದ. ಹತ್ತು ವರ್ಷದಿಂದ ನನ್ನ ಡಬ್ಬಿಯನ್ನೇ ಕೊಳ್ಳುತ್ತಿದ್ದ ಗಿರಾಕಿ. ಅವಳು ಸೆನ್ಸರನ್ನು ಬಿಸಿನೀರಿನ ಲೋಟದ ಮೇಲೆ ಹಿಡಿದಳು. ಮೇಜಿನ ಮೇಲಿದ್ದ ಫೋನಿಗೆ ಕನ್ನಡದಲ್ಲೇ ಮೆಸೇಜು ಬಂತು: ಶಾಖ ಏರಿದೆ, ಸೌದೆ ಬೇಡ. ಆತ ಅದನ್ನು ಎರಡು ಸಲ ಓದಿದ.

'ಅಕ್ಕ, ಬೇಜಾರು ಮಾಡ್ಕಬ್ಯಾಡಿ, ನಿಮ್ಮದು ಬರೀ ಅರಚ್ತದೆ, ಇದು ಮಾತಾಡ್ತದೆ. ಮುಂದ್ಕೆ ನಂಗೆ ಈ ಅವ್ವನ ಕೈಲೇ ಮಾಡ್ಸಿಕೊಡಿ.'

'ಎಲ್ಲಾ ಅತ್ತಿಗೆನೇ ಹೇಳ್ಕೊಟ್ಟಿದ್ದು ಕಣಣ್ಣ' ಅಂದಳು ಅವಳು.

ಆ ಸುಳ್ಳನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ. ಜಂಬ ಪಟ್ಟಿದ್ದರೆ ಬೈದು ಹಗುರಾಗುತ್ತಿದ್ದೆ. ನನಗೆ ಭಿಕ್ಷೆ ಹಾಕಿದ ಹಾಗೆ ಹೊಗಳಿದಳು. ಸಂಜೆಯ ಅಡುಗೆಗೆ ತಡವಾಗುತ್ತದೆ ಅಂತ ಮೂರು ಗಂಟೆಯ ಬಸ್ಸಿಗೆ ಹೊರಟು, 'ಮುಚ್ಚಳ ನೀವೇ ಹಾಕ್ಬಿಡಿ ಅತ್ತಿಗೆ, ಹೊಗೆ ಹೋಗ್ದಂಗೆ ಅಂಟು ಹಾಕೋದು ನಿಮಗೇ ಚೆನ್ನಾಗಿ ಬರೋದು' ಅಂದಳು.

ಮುಚ್ಚಳ ಹಾಕುವ ಮೊದಲು ಕಾದ ಸೋಲ್ಡರಿಂಗ್ ಕಡ್ಡಿ ತೆಗೆದುಕೊಂಡೆ. ನಡುವಿನ ಆ ಬೋರ್ಡನ್ನು ಕಿತ್ತೆ. ಹಳೆಯ ಟೆಲಿಫೋನು ಕೇಬಲ್ಲಿನಿಂದ ನಾಲ್ಕು ಹಳದಿ ವೈರು ಸುಲಿದು, ಈ ಕಡೆಯಿಂದ ಆ ಕಡೆಗೆ ನೇರ ಬೆಸೆದೆ. ನನ್ನ ಬೆಸುಗೆ ಯಾವತ್ತೂ ಅಚ್ಚುಕಟ್ಟು, ಆವತ್ತು ಇನ್ನೂ ಅಚ್ಚುಕಟ್ಟಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಾನು ದೊಣ್ಣೆ ಎತ್ತಲಿಲ್ಲ, ಇಪ್ಪತ್ತು ನಿಮಿಷ ಕೂತು ನಾಜೂಕಾಗಿ ಮಾಡಿದೆ. ಕರೆಂಟು ಕೊಟ್ಟು ನೋಡಿದೆ. ನಡೆಯಿತು, ಮೆಸೇಜೂ ಬಂತು.

ಈ ತಪ್ಪಿನ ನೀಚತನ ಇರುವುದು ಇಲ್ಲೇ. ತಕ್ಷಣ ಏನೂ ಆಗುವುದಿಲ್ಲ. ಚಿಪ್ಪಿನ ಬಾಗಿಲಲ್ಲಿ ಕಾವಲಿಗೆ ಅಂತ ಒಂದು ಚಿಕ್ಕ ದಾರಿ ಇರುತ್ತದೆ. ಹೆಚ್ಚಾಗಿ ಬಂದದ್ದು ಅದರೊಳಗೆ ನುಗ್ಗುತ್ತದೆ. ಅದು ಒಂದು ದಿನ ತಡೆಯುತ್ತದೆ, ಒಂದು ವಾರ ತಡೆಯುತ್ತದೆ, ಬಿಸಿಯಾಗುತ್ತ ಆಗುತ್ತ ಒಂದು ದಿನ ಸಾಯುತ್ತದೆ. ಬೆರಳಿಟ್ಟು ನೋಡಿದೆ. ಹತ್ತು ನಿಮಿಷಕ್ಕೇ ಚಿಪ್ಪು ಬೆಚ್ಚಗಾಗಿತ್ತು. ಗೊತ್ತಿದ್ದೇ ಮುಚ್ಚಳ ಹಾಕಿ, ಅಂಟು ಬಳಿದೆ.

ಮೊದಲ ಬ್ಯಾರನ್ ಸೊಪ್ಪು ಬಂಗಾರದ ಹಾಗೆ ಬಂತು. ಎರಡನೆಯದೂ ಹಾಗೇ. ಅಪ್ಪ ಪಕ್ಕದ ಹೊಲದವರನ್ನು ಕರೆದು ಕರೆದು ಡಬ್ಬಿ ತೋರಿಸಿದ. 'ನಮ್ಮ ಸೊಸೆ ಮಾಡಿದ್ದು ಕಣ್ಲಾ. ನನ್ ಮಗ ಎಲ್ಲಿದ್ರೂ ಸುದ್ದಿ ಫೋನಿಗೆ ಬತ್ತದೆ.' ತಮ್ಮ, ಬಾಯಿ ಸತ್ತವನು, ಅವನೂ ಹೆಂಡತಿಯನ್ನು ನೋಡಿ ನಗುವುದು ಕಲಿತ. ಅವಳು ನನ್ನ ಹತ್ತಿರ ಬಂದು, ಇನ್ನು ಮೂರು ಸಲ ಬೇಯಿಸಿದರೆ ಮುಗಿಯುತ್ತದೆ ಅತ್ತಿಗೆ, ಆಮೇಲೆ ದಿನಾ ಒಂದೇ ಬಸ್ಸಿಗೆ ಹೋಗಬಹುದು ಅಂತ ಎಣಿಸಿದಳು. ಕಿತ್ತ ಬೋರ್ಡು ಅಂಗಡಿಯ ಡ್ರಾಯರಿನಲ್ಲೇ ಇತ್ತು. ಮನಸ್ಸು ಮಾಡಿದ್ದರೆ ಯಾವ ಭಾನುವಾರವಾದರೂ, ಒಂದು ನೆಪ ಹೇಳಿ ಡಬ್ಬಿ ಬಿಚ್ಚಿ, ಮತ್ತೆ ಬೆಸೆಯಬಹುದಿತ್ತು. ಅವಳ ಎಣಿಕೆ ಕೇಳುತ್ತ ನಾನೂ ಎಣಿಸುತ್ತಿದ್ದೆ, ಚಿಪ್ಪು ಇನ್ನೆಷ್ಟು ದಿನ ತಡೆದೀತು ಅಂತ.

ಅದು ಸತ್ತದ್ದು ಮೂರನೆಯ ಸಲ ಸೊಪ್ಪು ಏರಿಸಿದ ಎರಡನೆಯ ದಿನ, ಬೆಳಗಿನ ಹೊತ್ತು. ಸತ್ತ ರೀತಿಯೂ ಕ್ರೂರ. ಹೊಸ ಚಿಪ್ಪು ಸತ್ತರೂ ಹಳೆಯ ಡಿಸ್ಪ್ಲೇಗೆ ಏನೂ ಆಗುವುದಿಲ್ಲ, ಅದರ ಐದು ವೋಲ್ಟು ಅದಕ್ಕೆ ಬರುತ್ತಲೇ ಇರುತ್ತದೆ. ಕೊನೆಗೆ ಕೇಳಿದ ಸಂಖ್ಯೆಯನ್ನು ಹಿಡಿದುಕೊಂಡು ಕೂರುತ್ತದೆ. ಡಬ್ಬಿ ನೂರಾ ಒಂದು ಅಂತ ತೋರಿಸುತ್ತ ನಿಂತಿತು. ತಮ್ಮ ಅದನ್ನು ನೋಡಿಕೊಂಡು ಸೌದೆ ಹಾಕುತ್ತ ಹೋದ. ಏರಲಿಲ್ಲವಲ್ಲ ಅಂತ ಇನ್ನೆರಡು ಕೊರಡು ಹೆಚ್ಚಾಗಿಯೇ ಹಾಕಿದ. ಫೋನಿಗೆ ಮೆಸೇಜು ಬರಲಿಲ್ಲ, ಬರದಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ. ಒಳಗೆ ಗಾಜಿನ ಥರ್ಮಾಮೀಟರ್ ನೇತಾಡುತ್ತಿತ್ತು. ಅದನ್ನು ನೋಡಲು ಬಗ್ಗಿ ಕಿಂಡಿಗೆ ಕಣ್ಣಿಡಬೇಕು. ಹೊರಗೇ ಸಂಖ್ಯೆ ಕಾಣುವಾಗ ಯಾರು ಬಗ್ಗುತ್ತಾರೆ.

ಮಧ್ಯಾಹ್ನ ಅವಳು ಊಟ ತೆಗೆದುಕೊಂಡು ಹೋದಾಗ ವಾಸನೆ ಮೂಗಿಗೆ ಹೊಡೆಯಿತು. ಬುತ್ತಿ ಕೆಳಗಿಟ್ಟು ಕಿಂಡಿಗೆ ಕಣ್ಣಿಟ್ಟರೆ ಗಾಜು ನೂರಾ ನಲವತ್ತು ದಾಟಿತ್ತು. ಬಾಗಿಲು ತೆರೆದಾಗ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಸೊಪ್ಪು ಬೆಂದ ಬಸಳೆಯ ಹಾಗೆ ಕಪ್ಪಾಗಿ ಇಳಿಬಿದ್ದಿತ್ತು.

ತಮ್ಮ ಫೋನು ಮಾಡಿದ. ನಾನು ಬಸ್ಸು ಹಿಡಿದು ಬಂದೆ. ದಾರಿಯುದ್ದಕ್ಕೂ ನನಗಿದ್ದದ್ದು ಬರೀ ಭಯವಾಗಿರಲಿಲ್ಲ. ಸ್ವಲ್ಪ ಖುಷಿಯೂ ಇತ್ತು. ಬರೆಯಲು ಕೂತ ಮೇಲೆ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಂಗಳದಲ್ಲಿ ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ತಮ್ಮ ತಲೆ ತಗ್ಗಿಸಿ ನಿಂತಿದ್ದ. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಕ್ರೂ ಬಿಚ್ಚಿಟ್ಟು ನನ್ನ ಅಂಟನ್ನು ಚಾಕುವಿನಿಂದ ಕೆತ್ತುತ್ತಿದ್ದಳು. ಮುಚ್ಚಳ ಬಂತು. ಒಳಗೆ ನೋಡಿದಳು. ನೋಡುತ್ತಲೇ ಇದ್ದಳು. ಬೋರ್ಡು ಇದ್ದ ಜಾಗದಲ್ಲಿ ನಾಲ್ಕು ಹಳದಿ ವೈರು, ಸಾಲಾಗಿ, ಬಾಚಿದ ಹಾಗೆ. ಅಂಥ ಬೆಸುಗೆ ಹಾಕುವವರು ಆ ಮನೆಯಲ್ಲಿ ಒಬ್ಬರೇ ಅಂತ ಅವಳಿಗೆ ಗೊತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ನಾನೇನೋ ಹೇಳುತ್ತೇನೆ ಅಂತ ಕಾಯುವ ನೋಟ ಅದು.

'ಏನಾಗದೆ?' ಅಪ್ಪ ಕೇಳಿದ.

'ಮಾವ, ಐದು ವೋಲ್ಟು ನೇರವಾಗಿ ಒಳಗೆ ಬಂದ್ಬಿಟ್ಟಿದೆ. ಅದಕ್ಕೆ ಚಿಪ್ಪು...'

'ಜಾಸ್ತಿ ಬಂದ್ರೆ ಯಾವ್ದಾರ ಕೆಡ್ತದಾ? ಕಮ್ಮಿ ಆದ್ರೆ ಕೆಡೋದು. ಅವತ್ತೇ ಅಂದೆ ನಾನು, ಇಳ್ಸಬ್ಯಾಡ ಅಂತ. ಐದು ಬತ್ತಿದ್ದುದ್ನ ಮೂರಕ್ಕೆ ಇಳ್ಸಿದ್ದೀಯೆ. ಉಸ್ರು ಸಾಲ್ದೆ ಸತ್ತೋಗದೆ, ಅಷ್ಟೇಯ.' ಅಪ್ಪ ನನ್ನ ಕಡೆ ತಿರುಗಿದ. 'ಏನಮ್ಮಣ್ಣಿ, ಅಂಗೇ ತಾನೆ? ನಿಂಗೆ ಗೊತ್ತಾಯ್ತದೆ, ನೀನೇ ಅನ್ನು.'

ಇಳಿಸುವ ಆ ಚೂರು ಬೋರ್ಡು ಅಲ್ಲಿ ಇರಲೇ ಇಲ್ಲ. ಇಲ್ಲದ್ದರಿಂದಲೇ ಚಿಪ್ಪು ಸತ್ತಿತ್ತು. ಅದನ್ನು ಹಾಕಿದ್ದಕ್ಕೆ ಸತ್ತಿತು ಅಂತ ಅಪ್ಪ ತೀರ್ಪು ಕೊಡುತ್ತಿದ್ದ, ತೆಗೆದವಳನ್ನೇ ಸಾಕ್ಷಿ ಕೇಳುತ್ತಿದ್ದ. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

'ಇರ್ಬೋದು' ಅಂದೆ.

ಅಷ್ಟೇ ಅಂದದ್ದು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಮ್ಮ ಕಡೆ ಇರ್ಬೋದು ಅಂದರೆ ಹೌದು ಅಂತಲೇ ಲೆಕ್ಕ, ಹೇಳಿದವರ ತಲೆಗೆ ಮಾತ್ರ ಕಟ್ಟಿಕೊಳ್ಳುವುದಿಲ್ಲ. ಅವಳು ಮುಚ್ಚಳವನ್ನು ಮತ್ತೆ ಡಬ್ಬಿಯ ಮೇಲಿಟ್ಟು, ನಾಲ್ಕು ಸ್ಕ್ರೂಗಳನ್ನೂ ಒಂದೊಂದಾಗಿ ತಿರುಗಿಸಿ ಮುಚ್ಚಿ, ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಪಾತ್ರೆ ತೊಳೆಯುವ ಸದ್ದು ಬಂತು.

ಆಮೇಲೆ ಅವಳು ಅಂಗಡಿಗೆ ಬರುವ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪ ಎತ್ತಬೇಡ ಅಂದಿದ್ದನಲ್ಲ. ವಾರ ಕಳೆದ ಮೇಲೆ ಅವಳು ಕಾಲೇಜಿನಿಂದಲೂ ಜೋಪಾನ ಮಾಡಿಕೊಂಡಿದ್ದ, ಕರೆಂಟು ಅಳೆಯುವ ಮೀಟರನ್ನು ನನ್ನ ಚೀಲಕ್ಕೆ ಹಾಕಿದಳು. 'ಇಟ್ಕೊಳ್ಳಿ ಅತ್ತಿಗೆ. ನಾನು ಇಲ್ಲಿ ಏನ್ ಅಳೀಲಿ' ಅಂದಳು. ನಾನು ತೆಗೆದುಕೊಂಡೆ. ಒಳ್ಳೆಯ ಮೀಟರು, ಈಗಲೂ ಅದನ್ನೇ ಬಳಸುತ್ತೇನೆ.

ಮರುವರ್ಷ ಬ್ಯಾರನ್ ಹೊತ್ತಿಗೆ ಅವಳ ಡಬ್ಬಿಯನ್ನೇ ನಾನು ಮಾಡಿ ಮಾರಿದೆ. ಒಂದರಲ್ಲೂ ನಡುವಿನ ಚೂರನ್ನು ಬಿಡಲಿಲ್ಲ, ಎಲ್ಲದರಲ್ಲೂ ಹಾಕಿದೆ. ಒಂದೂ ಕೆಡಲಿಲ್ಲ. ಮಾತಾಡುವ ಡಬ್ಬಿ ಅಂತ ಪಿರಿಯಾಪಟ್ಟಣದ ಕಡೆಯಿಂದ, ಕೃಷ್ಣರಾಜನಗರದ ಕಡೆಯಿಂದ ಹುಡುಕಿಕೊಂಡು ಬಂದರು. 'ನನ್ನ ಮಗಳು ಮಾಡಿದ್ದು' ಅಂತ ಅಪ್ಪ ಸೊಸೆಯ ಮುಂದೆಯೇ ಹೇಳುತ್ತಿದ್ದ. ಅವಳು ಜಗಲಿಯ ಕೆಳಗೆ ಕೂತು ಕೂಲಿ ಹೆಂಗಸರ ಜೊತೆ ಸೊಪ್ಪು ಕಟ್ಟುತ್ತಿದ್ದಳು. ಹಸಿ ಸೊಪ್ಪಿನ ಅಂಟು ಕೈಗೆ ಮೆತ್ತಿ ಬೆರಳೆಲ್ಲ ಕಪ್ಪು. ಕೈ ಕೆಸರಾದರೆ ಬಾಯಿ ಮೊಸರು ಅಂತ ಕೂಲಿಯವಳೊಬ್ಬಳು ತಮಾಷೆ ಮಾಡಿದಾಗ ಎಲ್ಲರ ಜೊತೆ ಅವಳೂ ನಕ್ಕಳು.

ಆ ಹಂಗಾಮಿನಲ್ಲೇ ಒಂದು ಡಬ್ಬಿಯ ಕೆಲಸದಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಒಬ್ಬ ಗಿರಾಕಿಗೆ ಎರಡು ಬ್ಯಾರನ್ನಿಗೂ ಸೇರಿಸಿ ಒಂದೇ ಡಬ್ಬಿ ಬೇಕಾಗಿತ್ತು. ಹಳೆಯ ಭಾಗಕ್ಕೆ ಒಂದು ಅಡಾಪ್ಟರು, ಹೊಸ ಭಾಗಕ್ಕೆ ಇನ್ನೊಂದು ಕೊಟ್ಟು, ನಡುವೆ ಐದನ್ನು ಮೂರಕ್ಕೆ ಇಳಿಸುವ ಅದೇ ಬೋರ್ಡನ್ನೂ ಹಾಕಿದ್ದೆ. ಡಿಸ್ಪ್ಲೇಯಲ್ಲಿ ಸಂಖ್ಯೆಯ ಬದಲು ಬರೀ ಕಸ ಬರುತ್ತಿತ್ತು. ನಾಲ್ಕು ದಿನ ಒದ್ದಾಡಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಕೊನೆಗೆ ನಾಚಿಕೆ ಬಿಟ್ಟು ಮನೆಗೆ ತಂದು, ಸೊಪ್ಪು ಕಟ್ಟುತ್ತಿದ್ದವಳ ಮುಂದೆ ಹಿಡಿದೆ. ಅವಳು ಕೈ ಅಂಟು ಅಂತ ಮುಟ್ಟಲಿಲ್ಲ. ಕತ್ತು ಬಾಗಿಸಿ ನೋಡಿದಳು, ಒಂದು ಕಡ್ಡಿಗೆ ಎಲೆ ಕಟ್ಟುವಷ್ಟು ಹೊತ್ತು.

'ಎರಡರ ಗ್ರೌಂಡೂ ಸೇರ್ಸಿಲ್ಲ ನೀವು. ಇವರ ಸೊನ್ನೆ ಬೇರೆ, ಅವರ ಸೊನ್ನೆ ಬೇರೆ ಆಗ್ಬಿಟ್ಟಿದೆ. ಮೊದ್ಲು ಇಬ್ರಿಗೂ ಸೊನ್ನೆ ಒಂದೇ ಆಗ್ಬೇಕು ಅತ್ತಿಗೆ, ಆಮೇಲೆ ಐದೋ ಮೂರೋ.'

ಮಕ್ಕಳ ಪಾಠ ಅದು. ನನ್ನ ಕಿವಿ ಬಿಸಿಯಾಯಿತು. ಕೂಲಿಯವರು ಊಟಕ್ಕೆ ಎದ್ದಿದ್ದರು, ನಾವಿಬ್ಬರೇ ಇದ್ದೆವು. 'ಬಾರವ್ವ ಅಂಗಡಿಗೆ' ಅಂದೆ. ನನಗೇ ಗೊತ್ತಿಲ್ಲದೆ ಬಾಯಿಂದ ಬಂತು. ಒಂದು ವರ್ಷದಿಂದ ಹೊಟ್ಟೆಯಲ್ಲಿ ಕೊಳೆಯುತ್ತಿದ್ದದ್ದು ಹಾಗೆ ಹೊರಗೆ ಬಿತ್ತು.

'ಮಾವ ಬುಡಲ್ಲ.'

'ನಾನು ಹೇಳ್ತೀನಿ.'

'ಏನಂತ ಹೇಳ್ತೀರಿ?'

ಅವಳು ಇನ್ನೊಂದು ಕಡ್ಡಿ ಎತ್ತಿಕೊಂಡಳು. 'ಆ ವೈರು ಯಾರು ಹಾಕಿದ್ದು ಅಂತ ಹೇಳಿ ಅತ್ತಿಗೆ. ಅವತ್ತು ನಾನೇ ಹೇಳಬೋದಿತ್ತು, ಯಾರು ನಂಬೋರು. ಆ ಬೆಸುಗೆ ಓದೋಕೆ ಈ ಮನೇಲಿ ನಮ್ಮಿಬ್ರಿಗೇ ಬರೋದು. ನೀವೇ ಹೇಳುದ್ರೆ ನಂಬ್ತಾರೆ. ನಾನು ಮಾಡಿದ್ದು ಸರಿಯಾಗಿತ್ತು ಅಂತ ಗೊತ್ತಾದ್ರೆ ಯಾಕೆ ಬೇಡ ಅಂತಾರೆ? ಮಾವ ಮಾತಿಗೆ ತಪ್ಪೋರಲ್ಲ.'

ಒಂದು ವರ್ಷ ಅವಳು ಮುದ್ದೆ ತೊಳಸಿದ್ದು, ಸಗಣಿ ಬಾಚಿದ್ದು, ಸೊಪ್ಪು ಕಟ್ಟಿದ್ದು ಎಲ್ಲ ಈ ಒಂದು ನಂಬಿಕೆಯ ಮೇಲೆ ಅಂತ ಆಗ ತಿಳಿಯಿತು. ತನ್ನನ್ನು ಹಿಡಿದಿಟ್ಟಿರುವುದು ನಾಲ್ಕು ವೈರು, ಒಂದು ಸುಳ್ಳು. ಸುಳ್ಳು ಹೋದರೆ ಬಾಗಿಲು ತೆರೆಯುತ್ತದೆ. ಅವಳು ಹಾಗೆ ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ, ಅದಕ್ಕೇ ಹೇಳಲು ಹೆದರಿದೆ. ಹೇಳಿದರೆ ಅಪ್ಪ ನನ್ನನ್ನು ಮನೆಯಿಂದ ಆಚೆ ಹಾಕಬಹುದು, ಅಂಗಡಿ ಮುಚ್ಚಿಸಬಹುದು, ಉಂಡ ಮನೆಗೆ ಎರಡು ಬಗೆದವಳು ಅಂತ ಮುಖಕ್ಕೆ ಉಗಿಯಬಹುದು. ಇವತ್ತು ನಾಳೆ ಅಂತ ಹಂಗಾಮು ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಅವಳು ಒಂದು ದಿನವೂ ಮತ್ತೆ ಕೇಳಲಿಲ್ಲ. ನಾನು ಬಸ್ಸಿಗೆ ಹೊರಡುವಾಗ ಬಾಗಿಲ ತನಕ ಬಂದು ನಿಲ್ಲುತ್ತಿದ್ದಳು, ಅಷ್ಟೇ.

ಆ ನಿಲ್ಲುವುದನ್ನು ತಾಳಲಾರದೆ ಒಂದು ಬೆಳಿಗ್ಗೆ ಹೇಳಿದೆ. ಅಪ್ಪ ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದ. ಅವಳು ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು. ಬೇಕೆಂದೇ ಅವಳ ಎದುರಿಗೆ ಹೇಳಿದೆ.

'ಅಪ್ಪ, ಹೋದೊರ್ಷ ಆ ಡಬ್ಬಿ ಕೆಟ್ಟಿದ್ದು ಇವಳಿಂದಲ್ಲ. ಇವಳು ಮಾಡಿದ್ದು ಸರಿಯಾಗೇ ಇತ್ತು. ಒಳಗಿಂದ ಒಂದು ಸಾಮಾನು ಕಿತ್ತು ವೈರು ಹಾಕ್ದೋಳು ನಾನು. ಕೆಡ್ತದೆ ಅಂತ ಗೊತ್ತಿದ್ದೇ ಹಾಕ್ದೆ.'

ಅಪ್ಪನ ಕೈ ನಿಂತಿತು. ನನ್ನನ್ನು ನೋಡಿದ, ಬಾಗಿಲ ಕಡೆ ನೋಡಿದ. ನಾನು ಬೈಗುಳಕ್ಕೆ ಕಾದೆ. ಅವಳು ಲೋಟ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

'ಅಂಗಾ' ಅಂದ ಅಪ್ಪ. ಆಮೇಲೆ ಇನ್ನೊಂದು ಅವರೆಕಾಯಿ ಎತ್ತಿಕೊಂಡು ಸಿಪ್ಪೆ ಸೀಳಿದ. 'ಒಳ್ಳೇದೇ ಮಾಡ್ದೆ ಬುಡು. ಒಂದು ಬ್ಯಾರನ್ ಸೊಪ್ಪು ಓದ್ರೆ ಓಯ್ತು, ಮನೆ ಉಳ್ಕೊತು. ಡಬ್ಬಿ ಸರ್ಯಾಗಿ ನಡ್ದಿದ್ರೆ ನಾನು ಮಾತು ಕೊಟ್ಟ ತಪ್ಪಿಗೆ ಕಳಿಸ್ಬೇಕಾಯ್ತಿತ್ತು. ಇಬ್ರೂ ಪೇಟೆ ಹಿಡಿದಿದ್ರೆ ಇಲ್ಲಿ ಒಲೆ ಹಚ್ಚೋರು ಯಾರು?'

'ಅಪ್ಪ, ಮಾತು ಕೊಟ್ಟಿದ್ದೆಯಲ್ಲ.'

'ಕೆಟ್ಟೋಯ್ತಲ್ಲ ಡಬ್ಬಿ. ಯಾರು ಕೆಡ್ಸುದ್ರೋ ನಂಗ್ಯಾಕೆ, ಕೆಟ್ಟೋಯ್ತು. ಅಲ್ಲಿಗೆ ಮಾತು ಮುಗೀತು.' ಬಾಗಿಲ ಕಡೆ ಕೈ ಚಾಚಿದ. 'ತತ್ತಾರವ್ವ ಕಾಫಿಯ.'

ಅವಳು ಬಂದು ಲೋಟ ಕೊಟ್ಟಳು. ಸುಲಿದ ಕಾಳಿನ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ಅವಳು ಕಾಳನ್ನು ನೀರಿಗೆ ಸುರಿಯುತ್ತಿದ್ದಳು. ಅವಳ ಹೆಸರು ಹಿಡಿದು ಕರೆದೆ. ಅವಳು ತಿರುಗಲಿಲ್ಲ, ಬೆನ್ನು ಹಾಕಿಕೊಂಡೇ ಮೆಲ್ಲಗೆ ಹೇಳಿದಳು.

'ನಾನೇ ಹೇಳಿ ಅಂದಿದ್ದು, ನಿಮ್ಮದೇನೂ ತಪ್ಪಿಲ್ಲ. ಆದ್ರೂ ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು ಅತ್ತಿಗೆ. ಇಷ್ಟು ದಿನ ನನ್ನ ತಡೆದಿರೋದು ಬರೀ ವೈರು ಅಂತ ತಿಳ್ಕೊಂಡು ಇದ್ದೆ.'